ಸರ್ಚ್ ಇಂಜಿನ್‌ಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ, ಮುಂದೇನು: ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಗ್ಗಂಟಿನದ್ದು ಕೊನೆಗೆ. ಪೂರ್ತಿ ಓದಲೇಬೇಕೆಂದಿಲ್ಲ, ನಿಮಗೆ ಬೇಕಾದ್ದಕ್ಕೆ ನೇರವಾಗಿ ಹೋಗಬಹುದು.

## ಮೊದಲಿಗೆ

ನಾನು ಹುಡುಕಿದಾಗ ಅದು ಇಡೀ ಇಂಟರ್ನೆಟ್ಟನ್ನೇ ಜಾಲಾಡುತ್ತಾ? ಅರೆ ಸೆಕೆಂಡಿನಲ್ಲಿ ಹೇಗೆ ಸಾಧ್ಯ?

ಜಾಲಾಡುವುದಿಲ್ಲ. ಆ ಕೆಲಸ ಮೊದಲೇ ಮುಗಿದಿರುತ್ತದೆ. ಕ್ರಾಲರ್ ಎಂಬ ಪ್ರೋಗ್ರಾಮು ಹಗಲೂ ರಾತ್ರಿ ಲಿಂಕ್ ಹಿಡಿದು ಒಂದು ಪುಟದಿಂದ ಇನ್ನೊಂದಕ್ಕೆ ಹೋಗುತ್ತಿರುತ್ತದೆ. ಸಿಕ್ಕ ಪುಟಗಳ ನಕಲು ತರುತ್ತದೆ. ಯಾವ ಪದ ಯಾವ ಯಾವ ಪುಟದಲ್ಲಿದೆ ಎಂಬ ಪಟ್ಟಿ ತಯಾರಾಗುತ್ತದೆ. ಪುಸ್ತಕದ ಕೊನೆಯಲ್ಲಿ ಪದಸೂಚಿ ಇರುತ್ತದಲ್ಲ, ಹಾಗೆ. ಇದೇ ಇಂಡೆಕ್ಸ್. ನೀವು ಹುಡುಕುವುದು ಈ ಇಂಡೆಕ್ಸಿನಲ್ಲಿ, ಇಂಟರ್ನೆಟ್ಟಿನಲ್ಲಲ್ಲ.

ಹಾಗಾಗಿ ಸರ್ಚ್ ಇಂಜಿನ್ ಯಾವಾಗಲೂ ಸ್ವಲ್ಪ ಹಳೆಯ ಇಂಟರ್ನೆಟ್ಟನ್ನೇ ತೋರಿಸುತ್ತಿರುತ್ತದೆ. 2001ರಲ್ಲೂ ಗೂಗಲ್‌ನ ಇಂಡೆಕ್ಸ್ ಹೊಸದಾಗುತ್ತಿದ್ದದ್ದು ಹೆಚ್ಚುಕಡಿಮೆ ತಿಂಗಳಿಗೊಮ್ಮೆ. ಆ ವರ್ಷ ಸೆಪ್ಟೆಂಬರ್ 11ರಂದು ಅಮೆರಿಕದ ಮೇಲೆ ದಾಳಿಯಾದಾಗ ಜನ ಸುದ್ದಿಗೆಂದು ಗೂಗಲ್‌ಗೆ ಮುಗಿಬಿದ್ದರು. ಅಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ತಾಜಾ ಸುದ್ದಿ ಬೇಕಾದರೆ ಟಿವಿ, ರೇಡಿಯೊ ನೋಡಿ ಎಂದು ಗೂಗಲ್ ತನ್ನ ಮುಖಪುಟದಲ್ಲೇ ಬರೆದು ಹಾಕಿತು! ಈಗ ದೊಡ್ಡ ಸುದ್ದಿತಾಣಗಳ ಪುಟ ನಿಮಿಷಗಳಲ್ಲಿ ಇಂಡೆಕ್ಸ್ ಸೇರುತ್ತದೆ. ಯಾರದೋ ಸಣ್ಣ ವೆಬ್‌ಸೈಟಿಗೆ ಮಾತ್ರ ಕ್ರಾಲರ್ ಮತ್ತೆ ಬರಲು ವಾರಗಳೇ ಹಿಡಿಯಬಹುದು.

ಗೂಗಲ್‌ನಲ್ಲಿ ಇಲ್ಲ ಅಂದ್ರೆ ಎಲ್ಲೂ ಇಲ್ಲ ಅಂತ ತಾನೇ?

ಖಂಡಿತ ಅಲ್ಲ. ಕ್ರಾಲರ್‌ಗೆ ಲಿಂಕ್ ಒತ್ತುವುದು ಗೊತ್ತು. ಲಾಗಿನ್ ಆಗಿ ಒಳಗೆ ಹೋಗುವುದು ಅದರ ಕೆಲಸವಲ್ಲ. ಫಾರ್ಮ್ ತುಂಬಿ, ಬಟನ್ ಒತ್ತಿದ ಮೇಲಷ್ಟೇ ತೆರೆಯುವ ದಾಖಲೆಗಳು ಅದಕ್ಕೆ ಬಹುತೇಕ ಕಾಣುವುದಿಲ್ಲ. ನ್ಯಾಯಾಲಯದ ಕಡತ, ಗ್ರಂಥಾಲಯದ ಪಟ್ಟಿ, ಸಂಶೋಧನೆಯ ಡೇಟಾಬೇಸ್ ಹೀಗೆ ಎಷ್ಟೋ ಇವೆ. ವೆಬ್‌ಸೈಟಿನವರು ಕ್ರಾಲರ್‌ಗಳಿಗೆಂದು ಸೂಚನೆ ಬರೆದಿಡುವ ರೋಬಾಟ್ಸ್ ಫೈಲಿನಲ್ಲಿ "ಬರಬೇಡಿ" ಎಂದು ಬರೆದಿದ್ದರೆ ದೊಡ್ಡ ಸರ್ಚ್ ಇಂಜಿನ್‌ಗಳು ಅಲ್ಲಿಂದಲೇ ವಾಪಸ್ ಹೋಗುತ್ತವೆ. ಇನ್ನು ಕಂಡದ್ದನ್ನೆಲ್ಲ ಇಂಡೆಕ್ಸಿಗೆ ಸೇರಿಸುತ್ತವೆಯಾ ಅಂದರೆ ಅದೂ ಇಲ್ಲ. ಒಂದು ಲಕ್ಷ ಕೋಟಿ ಬೇರೆ ಬೇರೆ ವಿಳಾಸಗಳನ್ನು ನೋಡಿದ್ದೇವೆ ಎಂದು ಗೂಗಲ್ 2008ರಲ್ಲೇ ಹೇಳಿತ್ತು. ಅವೆಲ್ಲ ಇಂಡೆಕ್ಸಿಗೆ ಬರುವುದಿಲ್ಲ ಎಂದೂ ಆಗಲೇ ಹೇಳಿತ್ತು.

ನನ್ನ ಪ್ರಕಾರ ಇವೆಲ್ಲಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಹಿಂದೆ ಯಾರಾದರೂ ಒಂದು ತೊಂದರೆಗೆ ಪರಿಹಾರ ಕಂಡುಕೊಂಡರೆ ಎಲ್ಲಾದರೂ ಬಹಿರಂಗವಾಗಿ ಬರೆದಿಡುತ್ತಿದ್ದರು. ಈಗ ಅದೇ ಪರಿಹಾರ ವಾಟ್ಸಾಪ್ ಗ್ರೂಪಿನಲ್ಲೋ ಡಿಸ್ಕಾರ್ಡ್‌ನಲ್ಲೋ ಬಂದು, ಎರಡು ದಿನದಲ್ಲಿ ಮೇಲೆ ಸರಿದು ಕಳೆದುಹೋಗುತ್ತದೆ. ಗ್ರೂಪಿನಲ್ಲಿದ್ದವರಿಗೇ ಅದು ಮತ್ತೆ ಸಿಗುವುದಿಲ್ಲ, ಇನ್ನು ಹೊರಗಿನವರಿಗೆ ಎಲ್ಲಿಂದ ಸಿಗಬೇಕು?

"ನಾಲ್ಕು ಕೋಟಿ ಫಲಿತಾಂಶ" ಅಂತ ಬರುತ್ತಲ್ಲ, ಅಷ್ಟೂ ನಿಜಾನಾ?

ಅದು ಬರೀ ಅಂದಾಜು. ಒಂದೊಂದೇ ಪುಟ ದಾಟಿ ಕೊನೆಯವರೆಗೆ ಹೋಗಿ ನೋಡಿ, ಕೆಲವು ನೂರಕ್ಕೆ ಮುಗಿದುಹೋಗುತ್ತದೆ. ಒಂದೇ ಪದವನ್ನು ಎರಡು ಸಲ ಹುಡುಕಿದರೆ ಅಂದಾಜೂ ಬದಲಾಗಬಹುದು. ಆ ಸಂಖ್ಯೆ ಇಟ್ಟುಕೊಂಡು "ಇದರ ಬಗ್ಗೆ ಇಷ್ಟು ಜನ ಬರೆದಿದ್ದಾರೆ" ಎಂದು ವಾದ ಮಾಡಬೇಡಿ.

ಎಲ್ಲಕ್ಕಿಂತ ಮೇಲೆ ಬಂದದ್ದೇ ಸರಿ ಉತ್ತರ ಅಂತ ನಂಬಬಹುದಾ?

ಸರಿಯೋ ತಪ್ಪೋ ಎಂಬುದು ಸರ್ಚ್ ಇಂಜಿನ್‌ಗೆ ಗೊತ್ತಿಲ್ಲ. ನಿಮ್ಮ ಪ್ರಶ್ನೆಗೆ ಯಾವ ಪುಟ ಹೆಚ್ಚು ಹೊಂದುತ್ತದೆ, ಯಾವುದನ್ನು ಜನ ಹೆಚ್ಚು ನೆಚ್ಚಿಕೊಂಡ ಹಾಗೆ ಕಾಣುತ್ತದೆ ಎಂದಷ್ಟೇ ಅದು ಊಹಿಸುತ್ತದೆ. ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ 1998ರಲ್ಲಿ ಗೂಗಲ್ ಶುರುಮಾಡಿದಾಗ ಅವರ ಕೈಯಲ್ಲಿದ್ದ ದೊಡ್ಡ ಉಪಾಯ ಪೇಜ್‌ರ‍್ಯಾಂಕ್. ಒಂದು ಪುಟಕ್ಕೆ ಬೇರೆಯವರು ಕೊಟ್ಟ ಲಿಂಕನ್ನು ಮತದ ಹಾಗೆ ಎಣಿಸುವುದು, ತೂಕದವರ ಮತಕ್ಕೆ ಜಾಸ್ತಿ ಬೆಲೆ ಕೊಡುವುದು. ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ಮತವನ್ನು ಒಟ್ಟುಗೂಡಿ ಹಾಕಿಸಲೂಬಹುದು, ಅಲ್ವಾ? 2003ರಲ್ಲಿ ಕೆಲವರು ಸೇರಿಕೊಂಡು "ದಯನೀಯ ವೈಫಲ್ಯ" ಎಂಬರ್ಥದ ಇಂಗ್ಲಿಷ್ ಪದಗಳಿಗೆ ಅಧ್ಯಕ್ಷ ಜಾರ್ಜ್ ಬುಷ್ ಅವರ ಪುಟದ ಲಿಂಕ್ ಕೊಡುತ್ತಾ ಹೋದರು. ಆ ಪದ ಹುಡುಕಿದರೆ ಮೊದಲಿಗೆ ಬುಷ್ ಪರಿಚಯವೇ ಬರತೊಡಗಿತು. ಗೂಗಲ್ ಅದಕ್ಕೆ ಮದ್ದು ಕಂಡುಕೊಂಡದ್ದು 2007ರಲ್ಲಿ.

ಇನ್ನೊಂದು ಅಪಾಯ ಖಾಲಿ ಜಾಗದ್ದು. ಯಾರೂ ಹೆಚ್ಚು ಬರೆಯದ ವಿಷಯ ಹುಡುಕಿದಾಗ ಸರ್ಚ್ ಇಂಜಿನ್ ಇದ್ದದ್ದನ್ನೇ ಮೇಲೆ ತಂದಿಡುತ್ತದೆ. ಆ ಇದ್ದದ್ದು ಒಬ್ಬ ತಲೆಕೆಟ್ಟವನ ಪುಟ ಆಗಿದ್ದರೂ ಅಷ್ಟೇ. ಸಂಶೋಧಕರು ಇದಕ್ಕೆ ಡೇಟಾ ವಾಯ್ಡ್ ಎಂದು ಹೆಸರಿಟ್ಟಿದ್ದಾರೆ. ಹೊಸ ಕಾಯಿಲೆ, ಈಗಷ್ಟೇ ಹುಟ್ಟಿದ ವದಂತಿ, ಅಪರೂಪದ ಹೆಸರು ಹುಡುಕುವಾಗ ಇದು ನೆನಪಿರಲಿ. ಎಲ್ಲರೂ ಹುಡುಕುವ ವಿಷಯದಲ್ಲಿ ಮೊದಲ ಫಲಿತಾಂಶ ಸಾಮಾನ್ಯವಾಗಿ ಪರವಾಗಿಲ್ಲ.

## ದಿನಬಳಕೆಯ ತಕರಾರು

ಮೊದಲಿನ ಹಾಗೆ ಏನೂ ಸಿಗ್ತಿಲ್ಲ. ಸರ್ಚ್ ಹಾಳಾಗಿದೆಯಾ, ಅಥವಾ ನನಗೇ ಹಾಗೆ ಅನ್ನಿಸ್ತಿದೆಯಾ?

ನಿಮ್ಮೊಬ್ಬರಿಗೇ ಅನ್ನಿಸಿದ್ದಲ್ಲ. ವಾಷಿಂಗ್ ಮಶಿನ್ ಏನೋ ಒಂದು ಎರರ್ ಕೋಡ್ ತೋರಿಸಿ ನಿಂತಿದೆ ಅಂದುಕೊಳ್ಳಿ. ಕೋಡ್ ಹುಡುಕಿ ಮೊದಲ ಪುಟ ತೆರೆದರೆ "ಇಂದಿನ ವೇಗದ ಬದುಕಿನಲ್ಲಿ ವಾಷಿಂಗ್ ಮಶಿನ್‌ನ ಮಹತ್ವ" ಎಂದು ಶುರು. ಆಮೇಲೆ ಎರರ್ ಕೋಡ್ ಎಂದರೇನು. ಆಮೇಲೆ ಎರರ್ ಕೋಡ್ ಬರಲು ಹತ್ತು ಕಾರಣಗಳು, ನಡುನಡುವೆ ಮೂರು ಜಾಹೀರಾತು, ಒಂದು ಪಾಪ್‌ಅಪ್. ಪುಟದ ತಳದಲ್ಲಿ, "ನೀರಿನ ನಲ್ಲಿ ತೆರೆದಿದೆಯೇ ನೋಡಿ" ಎಂಬ ಒಂದೇ ಒಂದು ಸಾಲು. ಎರಡನೇ ಫಲಿತಾಂಶ ತೆರೆದರೆ ಅದೇ ಸಾಲು, ಪದ ಅದಲುಬದಲು ಮಾಡಿದ್ದು. ಮೂರನೆಯದೂ ಅದೇ.

ಇದನ್ನು ಬರೆದದ್ದು ನಿಮಗಾಗಿ ಅಲ್ಲ, ರ‍್ಯಾಂಕಿಂಗ್‌ಗಾಗಿ. ಎಸ್‌ಇಒ ಎಂಬ, ಪುಟವನ್ನು ಫಲಿತಾಂಶದಲ್ಲಿ ಮೇಲೆ ಬರಿಸಿಕೊಡುವ ದೊಡ್ಡ ಕಸುಬೇ ಇದರ ಮೇಲೆ ನಿಂತಿದೆ. ಗೂಗಲ್ ಸುಮ್ನೆ ಕೂತಿಲ್ಲ. ಇಂಥ ಹೊಟ್ಟೆಪಾಡಿನ ಪುಟಗಳನ್ನು ಕೆಳಗೆ ತಳ್ಳಲು 2011ರಲ್ಲಿ ಪಾಂಡಾ, ಮೋಸದ ಲಿಂಕ್‌ಗಳಿಗೆಂದು 2012ರಲ್ಲಿ ಪೆಂಗ್ವಿನ್ ಎಂಬ ಬದಲಾವಣೆ ತಂದಿತು. ರಾಶಿಗಟ್ಟಲೆ ತಯಾರಿಸಿ ಸುರಿಯುವ ಬರಹದ ವಿರುದ್ಧ 2024ರ ಮಾರ್ಚ್‌ನಲ್ಲಿ ಹೊಸ ನಿಯಮ ಮಾಡಿತು. ಆದರೆ ಅಳೆಯುವ ಕೋಲು ಯಾವುದೆಂದು ಗೊತ್ತಾದ ಕೂಡಲೇ ಜನ ಅದಕ್ಕೆ ತಕ್ಕ ಹಾಗೆ ಬರೆಯುತ್ತಾರೆ. ಈಗ ಎಐ ಬಂದ ಮೇಲೆ ಹೀಗೆ ಬರೆಯಲು ಹೆಚ್ಚುಕಡಿಮೆ ಖರ್ಚೇ ಇಲ್ಲ. ಈ ಓಟದಲ್ಲಿ ಸರ್ಚ್ ಇಂಜಿನ್ ಸದ್ಯಕ್ಕೆ ಹಿಂದೆ ಬಿದ್ದಿದೆ ಎಂದೇ ನನಗನ್ನಿಸುತ್ತದೆ.

ಜಾಹೀರಾತು ಯಾವುದು, ಫಲಿತಾಂಶ ಯಾವುದು ಗೊತ್ತೇ ಆಗಲ್ಲ. ಬೇಕಂತಲೇ ಹೀಗೆ ಮಾಡ್ತಾರಾ?

ಜಾಹೀರಾತಿನ ಮೇಲೆ ಗುರುತು ಇದ್ದೇ ಇರುತ್ತದೆ. ಹಿಂದೆ ಅದಕ್ಕೆ ಬೇರೆ ಬಣ್ಣದ ಹಿನ್ನೆಲೆಯೇ ಇತ್ತು, ಬರಬರುತ್ತಾ ಸಣ್ಣ ಅಕ್ಷರದ ಒಂದು ಪದಕ್ಕೆ ಇಳಿಯಿತು. ತಮಾಷೆ ಏನೆಂದರೆ, ಜಾಹೀರಾತಿನ ದುಡ್ಡಿನಲ್ಲಿ ನಡೆಯುವ ಸರ್ಚ್ ಇಂಜಿನ್ ಜಾಹೀರಾತುದಾರರ ಕಡೆಗೇ ವಾಲುತ್ತದೆ, ಬಳಸುವವರ ಕಡೆಗಲ್ಲ ಎಂದು ಪೇಜ್ ಮತ್ತು ಬ್ರಿನ್ ತಮ್ಮ 1998ರ ಪ್ರಬಂಧದಲ್ಲಿ ತಾವೇ ಬರೆದಿದ್ದರು. ಎರಡು ವರ್ಷದ ನಂತರ, 2000ದಲ್ಲಿ, ಅವರ ಕಂಪನಿಯೇ ಆಡ್‌ವರ್ಡ್ಸ್ ಎಂಬ ಜಾಹೀರಾತು ಸೇವೆ ಶುರುಮಾಡಿತು.

ಒಂದು ಎಚ್ಚರಿಕೆ. ಕಸ್ಟಮರ್ ಕೇರ್ ನಂಬರನ್ನು ಸರ್ಚ್ ಮಾಡಿ ತೆಗೆದುಕೊಳ್ಳಬೇಡಿ. ವಂಚಕರು ದುಡ್ಡು ಕೊಟ್ಟು ನಕಲಿ ನಂಬರನ್ನು ಮೇಲೆ ಬರಿಸುವುದು ಹಳೇ ಆಟ. ಕಾರ್ಡಿನ ಹಿಂಭಾಗ, ಬಿಲ್ಲು, ಕಂಪನಿಯ ಸ್ವಂತ ಆ್ಯಪ್ ಇವುಗಳಲ್ಲಿ ಇರುವುದನ್ನೇ ಬಳಸಿ.

ನಾನು ಒಂದು ಕೇಳಿದ್ರೆ ಅದು ಇನ್ನೊಂದು ತೋರಿಸುತ್ತೆ. ನಾನು ಬರೆದ ಪದವನ್ನೇ ಯಾಕೆ ಹುಡುಕಲ್ಲ?

ಈಗಿನ ಸರ್ಚ್ ಇಂಜಿನ್ ಪದಕ್ಕಿಂತ ಅರ್ಥಕ್ಕೆ ಹೆಚ್ಚು ಬೆಲೆ ಕೊಡುತ್ತದೆ. 2019ರಲ್ಲಿ ಗೂಗಲ್ ಬರ್ಟ್ ಎಂಬ ಭಾಷಾ ಮಾದರಿಯನ್ನು (ಅಪಾರ ಬರಹದಿಂದ ಭಾಷೆ ಕಲಿತ ಪ್ರೋಗ್ರಾಮು) ಬಳಸತೊಡಗಿದ ಮೇಲೆ ಇದು ಇನ್ನೂ ಜಾಸ್ತಿಯಾಯಿತು. ಉದ್ದ ವಾಕ್ಯದಲ್ಲಿ ಕೇಳುವವರಿಗೆ ಇದರಿಂದ ಅನುಕೂಲವೇ ಆಗಿದೆ. ಕಷ್ಟವಾಗಿದ್ದು ಒಂದು ನಿರ್ದಿಷ್ಟ ಪದ, ಮಾಡೆಲ್ ನಂಬರ್, ಅಪರೂಪದ ಹೆಸರು ಬೇಕಾದವರಿಗೆ. "ಇವರು ಬಹುಶಃ ಇದನ್ನು ಕೇಳುತ್ತಿದ್ದಾರೆ" ಎಂದುಕೊಂಡು ಅದು ಹೆಚ್ಚು ಜನ ಹುಡುಕುವ ಕಡೆಗೆ ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ. "ಇಲ್ಲದ", "ಬಿಟ್ಟು" ಎಂಬ ಮಾತುಗಳಲ್ಲೂ ಅದು ಎಡವುತ್ತದೆ. ಗೆರೆಗಳಿಲ್ಲದ ಅಂಗಿ ಕೇಳಿದರೆ ಗೆರೆಗೆರೆಯ ಅಂಗಿಗಳನ್ನೇ ತಂದು ತೋರಿಸಿದ್ದು ಇಂಜಿನಿಯರುಗಳ ನಡುವೆ ಪ್ರಸಿದ್ಧ ಉದಾಹರಣೆ.

ಪದ ಇರಲೇಬೇಕು ಅಂತಿದ್ದರೆ ಅದನ್ನು ಉದ್ಧರಣ ಚಿಹ್ನೆಗಳ ಒಳಗೆ ಹಾಕಿ. ಬೇಡದ ಪದದ ಶುರುವಿಗೆ, ಜಾಗ ಬಿಡದೆ, ಮೈನಸ್ ಹಾಕಿ. ಒಂದೇ ವೆಬ್‌ಸೈಟಿನೊಳಗೆ ಹುಡುಕಲು ಇಂಗ್ಲಿಷಿನಲ್ಲಿ ಸೈಟ್ ಎಂದು ಬರೆದು, ಕೋಲನ್ ಹಾಕಿ, ವಿಳಾಸ ಅಂಟಿಸಿ. ಪದದ ಶುರುವಿಗೆ ಪ್ಲಸ್ ಹಾಕುವ ಹಳೆಯ ಅಭ್ಯಾಸ ಇದ್ದರೆ ಬಿಟ್ಟುಬಿಡಿ, ಗೂಗಲ್ ಅದನ್ನು 2011ರಲ್ಲೇ ತೆಗೆದುಹಾಕಿತು.

ಇಂಗ್ಲಿಷಿನಲ್ಲಿ ಸಿಗುವಷ್ಟು ಕನ್ನಡದಲ್ಲಿ ಯಾಕೆ ಸಿಗಲ್ಲ?

ಬರಹವೇ ಕಡಿಮೆ ಎನ್ನುವುದು ಮೊದಲ ಕಾರಣ. ಆದರೆ ಇದ್ದದ್ದೂ ಸಿಗುವುದಿಲ್ಲ, ಅದೇ ಹೊಟ್ಟೆ ಉರಿಯುವ ವಿಷಯ. ಕನ್ನಡದಲ್ಲಿ ಒಂದು ಪದಕ್ಕೆ ಪ್ರತ್ಯಯ ಅಂಟುತ್ತಾ ಹೋಗುತ್ತದೆ: ಮರ, ಮರದ, ಮರಕ್ಕೆ, ಮರಗಳಿಂದ, ಮರವನ್ನೂ, ಮರದಲ್ಲಿದ್ದ. ಇವೆಲ್ಲ ಒಂದೇ ಎಂದು ಗುರುತಿಸುವ ಲೆಕ್ಕಾಚಾರ ಇಂಗ್ಲಿಷಿಗೆ ಪಳಗಿದಷ್ಟು ಕನ್ನಡಕ್ಕೆ ಪಳಗಿಲ್ಲ. ಹೊರಗಿನಿಂದ ಬಂದ ಪದವನ್ನು ಒಬ್ಬೊಬ್ಬರು ಒಂದೊಂದು ತರಹ ಬರೆಯುತ್ತೇವೆ, ಅದೂ ಒಂದು ತಲೆನೋವು.

ಇನ್ನೊಂದು ಫಾಂಟಿನ ಕಥೆ. ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತವಾದ ಯೂನಿಕೋಡ್ ಬಳಕೆಗೆ ಬರುವ ಮೊದಲು, ಎಷ್ಟೋ ಕಡೆ ಬಂದ ಮೇಲೂ, ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಟೈಪ್ ಮಾಡಿದ ಅಪಾರ ಪಠ್ಯವಿದೆ. ಅಂಥ ಪಿಡಿಎಫ್ ತೆರೆದರೆ ಕಣ್ಣಿಗೆ ಚೆಂದದ ಕನ್ನಡ. ಒಂದು ಸಾಲು ಕಾಪಿ ಮಾಡಿ ಬೇರೆ ಕಡೆ ಅಂಟಿಸಿ, ಇಂಗ್ಲಿಷ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಉದುರುತ್ತವೆ. ಕ್ರಾಲರ್‌ಗೆ ಕಾಣುವುದೂ ಅದೇ ಕಸ. ಹಳೆಯ ಪುಸ್ತಕಗಳ ಸ್ಕ್ಯಾನ್‌ಗಳದ್ದೂ ಇದೇ ಪಾಡು, ಅಕ್ಷರ ಗುರುತಿಸುವ ತಂತ್ರಾಂಶ ಹಾಯಿಸದಿದ್ದರೆ ಅವು ಬರೀ ಚಿತ್ರ. ನೀವೇ ಇಂಟರ್ನೆಟ್ಟಿಗೆ ಏನಾದರೂ ಹಾಕುವವರಾದರೆ ಯೂನಿಕೋಡಿಗೆ ಪರಿವರ್ತಿಸಿಯೇ ಹಾಕಿ.

ಹಿಂದೆ ಓದಿದ್ದ ಒಂದು ಪುಟ ಈಗ ಎಷ್ಟು ಹುಡುಕಿದ್ರೂ ಇಲ್ಲ. ಎಲ್ಲಿ ಹೋಯ್ತು?

ಬಹುಶಃ ಅಳಿಸಿಹೋಗಿದೆ. 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷದ ನಂತರ ತೆರೆಯುತ್ತಲೇ ಇರಲಿಲ್ಲ ಎಂದು ಅಮೆರಿಕದ ಸಮೀಕ್ಷಾ ಸಂಸ್ಥೆ ಪ್ಯೂ ರಿಸರ್ಚ್ ಸೆಂಟರ್ 2024ರಲ್ಲಿ ಲೆಕ್ಕ ಕೊಟ್ಟಿತು. ಸರ್ಚ್ ಇಂಜಿನ್‌ಗಳಿಗೆ ಹಳೆಯದನ್ನು ಕಾಪಾಡುವ ಹೊಣೆ ಇಲ್ಲ. ತಾನು ಉಳಿಸಿಟ್ಟ ನಕಲನ್ನು ತೋರಿಸುತ್ತಿದ್ದ ಕ್ಯಾಶ್ ಲಿಂಕನ್ನೂ ಗೂಗಲ್ 2024ರಲ್ಲಿ ತೆಗೆದುಹಾಕಿತು. ಹಳೆಯ ವಿಳಾಸ ನಿಮ್ಮ ಹತ್ತಿರ ಇದ್ದರೆ, ಹಳೆಯ ಪುಟಗಳ ನಕಲು ಕೂಡಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಶಿನ್‌ಗೆ ಹಾಕಿ ನೋಡಿ. ಮುಖ್ಯ ಅನ್ನಿಸಿದ ಪುಟವನ್ನು ಇವತ್ತೇ ಅಲ್ಲಿ ಉಳಿಸಿಬಿಡಬಹುದು, ಅದಕ್ಕೆ ದುಡ್ಡು ಕೊಡಬೇಕಿಲ್ಲ.

## ಸ್ವಲ್ಪ ಆಳಕ್ಕೆ

ಬೇರೆ ಸರ್ಚ್ ಇಂಜಿನ್ ಬಳಸಿದ್ರೆ ಬೇರೆ ಉತ್ತರ ಸಿಗುತ್ತಾ?

ಹೆಸರು ಬೇರೆಯಾದರೆ ಸಾಲದು, ಇಂಡೆಕ್ಸ್ ಬೇರೆ ಇರಬೇಕು. ವೆಬ್ಬನ್ನು ದೊಡ್ಡ ಮಟ್ಟದಲ್ಲಿ ತಾವೇ ಕ್ರಾಲ್ ಮಾಡುವವರು ಬೆರಳೆಣಿಕೆಯಷ್ಟು. ಡಕ್‌ಡಕ್‌ಗೋ ನಿಮ್ಮ ಮೇಲೆ ಕಣ್ಣಿಡುವುದಿಲ್ಲ, ಸರಿ. ಆದರೆ ಅದರ ಸಾಮಾನ್ಯ ಫಲಿತಾಂಶಗಳಲ್ಲಿ ಹೆಚ್ಚಿನವು ಬರುವುದು ಮೈಕ್ರೊಸಾಫ್ಟಿನ ಬಿಂಗ್‌ನಿಂದ. ಬ್ರೇವ್ ಸರ್ಚ್ ಮತ್ತು ಮೊಜೀಕ್‌ಗೆ ಸ್ವಂತ ಇಂಡೆಕ್ಸ್ ಇದೆ. ಕಾಗಿ ಜಾಹೀರಾತು ಹಾಕದೆ ಚಂದಾ ಹಣದಲ್ಲಿ ನಡೆಯುತ್ತದೆ. ಬೇರೆಯವರ ಇಂಡೆಕ್ಸ್ ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದು 2025ರ ಆಗಸ್ಟಿನಲ್ಲಿ ಕಂಡಿತು. ಬಿಂಗ್ ಫಲಿತಾಂಶಗಳನ್ನು ಬೇರೆಯವರ ತಂತ್ರಾಂಶಗಳಿಗೆ ಒದಗಿಸುತ್ತಿದ್ದ ಬಿಂಗ್ ಸರ್ಚ್ ಎಪಿಐ ಸೇವೆಯನ್ನು ಮೈಕ್ರೊಸಾಫ್ಟ್ ಮುಚ್ಚಿತು, ಅದರ ಮೇಲೆ ನಿಂತಿದ್ದ ಸಣ್ಣಪುಟ್ಟವರು ಬೇರೆ ದಾರಿ ನೋಡಬೇಕಾಯಿತು. ಒಂದು ಕಡೆ ಸಿಗದ್ದನ್ನು ಇನ್ನೊಂದು ಕಡೆ ನೋಡುವುದು ಒಳ್ಳೆಯ ಅಭ್ಯಾಸವೇ. ಎರಡರ ಬೇರೂ ಒಂದೇ ಅಲ್ಲ ಅಂತ ಮಾತ್ರ ಖಾತ್ರಿ ಮಾಡಿಕೊಳ್ಳಿ.

ಇಷ್ಟು ತಕರಾರಿದ್ರೂ ಗೂಗಲ್‌ಗೆ ಯಾರೂ ಯಾಕೆ ಸೆಡ್ಡು ಹೊಡೀತಿಲ್ಲ?

ಗುಣ ಒಂದು ಕಾರಣ, ಡೀಫಾಲ್ಟ್ ಇನ್ನೊಂದು. ಫೋನು ತೆರೆದ ಕೂಡಲೇ ಇರುವ ಸರ್ಚ್ ಪೆಟ್ಟಿಗೆಯನ್ನು ಬದಲಿಸುವವರು ಕಡಿಮೆ. ಆ ಜಾಗಕ್ಕಾಗಿ ಗೂಗಲ್ 2021ರಲ್ಲಿ ಕೊಟ್ಟ ಹಣ 2,630 ಕೋಟಿ ಡಾಲರ್. 2022ರಲ್ಲಿ ಆಪಲ್ ಒಂದಕ್ಕೇ ಸುಮಾರು 2,000 ಕೋಟಿ ಡಾಲರ್. ಈ ಲೆಕ್ಕ ಹೊರಬಂದದ್ದು ಅಮೆರಿಕ ಸರ್ಕಾರ ಹೂಡಿದ ಮೊಕದ್ದಮೆಯಲ್ಲಿ. ಗೂಗಲ್ ಕಾನೂನುಬಾಹಿರವಾಗಿ ಏಕಸ್ವಾಮ್ಯ ಉಳಿಸಿಕೊಂಡಿದೆ ಎಂದು ನ್ಯಾಯಾಧೀಶ ಅಮಿತ್ ಮೆಹ್ತಾ 2024ರ ಆಗಸ್ಟಿನಲ್ಲಿ ತೀರ್ಪು ಕೊಟ್ಟರು. 2025ರ ಸೆಪ್ಟೆಂಬರ್‌ನ ಆದೇಶದಲ್ಲಿ ಕ್ರೋಮ್ ಮಾರಬೇಕಿಲ್ಲ ಎಂದರು, ಬೇರೆಯವರನ್ನು ಹೊರಗಿಡುವ ಒಪ್ಪಂದಗಳನ್ನು ನಿಷೇಧಿಸಿದರು, ಸರ್ಚ್‌ನ ಕೆಲವು ಡೇಟಾವನ್ನು ಅರ್ಹ ಪ್ರತಿಸ್ಪರ್ಧಿಗಳ ಜತೆ ಹಂಚಿಕೊಳ್ಳಬೇಕೆಂದರು.

ಡೇಟಾ ಹಂಚಿಕೆಯೇ ಇಲ್ಲಿ ಮುಖ್ಯ ಎನ್ನುವುದು ನನ್ನ ಅಭಿಪ್ರಾಯ. ಯಾವ ಪ್ರಶ್ನೆಗೆ ಜನ ಯಾವ ಲಿಂಕ್ ಒತ್ತಿದರು, ಯಾವುದರಿಂದ ತಕ್ಷಣ ವಾಪಸ್ ಬಂದರು ಎಂಬ ದಾಖಲೆಯಿಂದಲೇ ರ‍್ಯಾಂಕಿಂಗ್ ಸುಧಾರಿಸುತ್ತದೆ. ಹೆಚ್ಚು ಜನ ಬಂದಷ್ಟೂ ಉತ್ತರ ಚೆನ್ನಾಗುತ್ತದೆ, ಉತ್ತರ ಚೆನ್ನಾದಷ್ಟೂ ಹೆಚ್ಚು ಜನ ಬರುತ್ತಾರೆ. ಹೊಸಬರಿಗೆ ಈ ಸುತ್ತಿನೊಳಗೆ ಕಾಲಿಡುವುದೇ ಕಷ್ಟ.

## ಮುಂದೇನು

ಎಐ ನೇರವಾಗಿ ಉತ್ತರ ಕೊಡುವಾಗ ಲಿಂಕ್‌ಗಳ ರಗಳೆ ಯಾಕೆ?

ಆ ಉತ್ತರವೂ ಲಿಂಕ್‌ಗಳಿಂದಲೇ ಬರುತ್ತದೆ. ಎಐ ಸರ್ಚ್ ಹೆಚ್ಚಾಗಿ ಮಾಡುವುದು ಇಷ್ಟು: ನಿಮ್ಮ ಪ್ರಶ್ನೆ ಹಿಡಿದು ಇಂಡೆಕ್ಸಿನಲ್ಲಿ ಹುಡುಕುತ್ತದೆ, ಸಿಕ್ಕ ಕೆಲವು ಪುಟಗಳನ್ನು ಭಾಷಾ ಮಾದರಿಗೆ ಕೊಡುತ್ತದೆ, ಮಾದರಿ ಅದನ್ನು ಸಾರಾಂಶ ಮಾಡಿ ಹೇಳುತ್ತದೆ. ಹುಡುಕಾಟದಲ್ಲಿ ಕಸ ಬಂದರೆ ಸಾರಾಂಶದಲ್ಲೂ ಕಸವೇ. ಗೂಗಲ್ 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಎಐ ಸಾರಾಂಶ ಶುರುಮಾಡಿದ ಕೂಡಲೇ, ಪಿಜ್ಜಾ ಮೇಲೆ ಚೀಸ್ ನಿಲ್ಲದಿದ್ದರೆ ಗೋಂದು ಬೆರೆಸಿ ಎಂಬ ಸಲಹೆ ಬಂತು. ಅದರ ಮೂಲ, ಹಲವು ವರ್ಷಗಳ ಹಿಂದೆ ರೆಡ್ಡಿಟ್ ಎಂಬ ಚರ್ಚಾತಾಣದಲ್ಲಿ ಯಾರೋ ಹೊಡೆದ ಜೋಕು. ದಿನಕ್ಕೊಂದು ಸಣ್ಣ ಕಲ್ಲು ತಿನ್ನಿ ಎಂದೂ ಬಂತು, ಅದು ದಿ ಆನಿಯನ್ ಎಂಬ ವಿಡಂಬನೆ ಪತ್ರಿಕೆಯದ್ದು.

ಇಂಥವನ್ನು ಈಗ ಸಾಕಷ್ಟು ಸರಿಪಡಿಸಿದ್ದಾರೆ. ನನಗೆ ಚಿಂತೆ ಇರುವುದು ನಗು ಬರಿಸುವ ತಪ್ಪುಗಳ ಬಗ್ಗೆ ಅಲ್ಲ, ನಗು ಬರಿಸದ ತಪ್ಪುಗಳ ಬಗ್ಗೆ. ಹತ್ತು ಲಿಂಕ್ ಕಂಡಾಗ ಅವುಗಳಲ್ಲಿ ಭಿನ್ನಾಭಿಪ್ರಾಯ ಇರುವುದು ನಿಮಗೇ ಕಾಣುತ್ತದೆ. ಸಾರಾಂಶದಲ್ಲಿ ಅದೆಲ್ಲ ನುಣ್ಣಗಾಗಿ ಒಂದೇ ದನಿ ಕೇಳುತ್ತದೆ. ಔಷಧ, ಕಾನೂನು, ಹಣ ಈ ಮೂರರಲ್ಲಿ ಸಾರಾಂಶದ ಕೆಳಗಿನ ಮೂಲವನ್ನು ತೆರೆದು, ಆ ಮಾತು ನಿಜವಾಗಿಯೂ ಅಲ್ಲಿದೆಯಾ ನೋಡಿ. ಕೆಲವೊಮ್ಮೆ ಇರುವುದಿಲ್ಲ.

ಹಾಗಾದ್ರೆ ವೆಬ್‌ಸೈಟ್ ಬರೆಯೋರ ಗತಿ ಏನು? ಯಾರೂ ಒಳಗೇ ಬರದಿದ್ರೆ?

ಇದೇ ಈಗಿನ ನಿಜವಾದ ಪ್ರಶ್ನೆ. ಇಷ್ಟು ವರ್ಷ ಬಾಯಿಮಾತಿನ ಒಂದು ಒಪ್ಪಂದ ಇತ್ತು: ನಾನು ಬರೆದದ್ದನ್ನು ನೀನು ನಕಲು ಮಾಡಿಕೋ, ಬದಲಿಗೆ ಓದುಗರನ್ನು ನನ್ನ ಹತ್ತಿರ ಕಳಿಸು. ಈಗ ಓದುಗ ಸಾರಾಂಶ ಓದಿ ಹೊರಟುಹೋಗುತ್ತಾನೆ. ಅಮೆರಿಕದಲ್ಲಿ 2025ರ ಮಾರ್ಚ್‌ನ ಬಳಕೆಯನ್ನು ಪ್ಯೂ ಸಂಸ್ಥೆ ಗಮನಿಸಿ ನೋಡಿತು. ಗೂಗಲ್‌ನಲ್ಲಿ ಎಐ ಸಾರಾಂಶ ಇಲ್ಲದಾಗ ಶೇ. 15ರಷ್ಟು ಭೇಟಿಗಳಲ್ಲಿ ಜನ ಕೆಳಗಿನ ಲಿಂಕ್ ಒತ್ತಿದ್ದರು. ಸಾರಾಂಶ ಇದ್ದಾಗ ಶೇ. 8. ಸಾರಾಂಶದ ಒಳಗಿನ ಲಿಂಕನ್ನು ಒತ್ತಿದ್ದು ಬರೀ ಶೇ. 1.

ಓದುಗರಿಲ್ಲದಿದ್ದರೆ ಜಾಹೀರಾತಿಲ್ಲ. ಜಾಹೀರಾತಿಲ್ಲದಿದ್ದರೆ ಆ ವಾಷಿಂಗ್ ಮಶಿನ್ ಪುಟದಂಥವು ಸಾಯುತ್ತವೆ. ಅದಕ್ಕೆ ನಾನು ಕಣ್ಣೀರು ಹಾಕುವುದಿಲ್ಲ. ಆದರೆ ವಸ್ತುವನ್ನು ಬಿಚ್ಚಿ ನೋಡಿ, ತಿಂಗಳುಗಟ್ಟಲೆ ಬಳಸಿ, ಫೋಟೊ ತೆಗೆದು ಬರೆಯುವವರೂ ಅವುಗಳ ಜತೆಗೇ ಹೋಗುತ್ತಾರೆ. ಆಮೇಲೆ ಎಐ ಸಾರಾಂಶ ಮಾಡುವುದು ಯಾವುದನ್ನು? ಇನ್ನೊಂದು ಎಐ ಬರೆದದ್ದನ್ನು. ತಮ್ಮಂಥ ಮಾದರಿಗಳೇ ಬರೆದದ್ದನ್ನು ಮತ್ತೆ ಮತ್ತೆ ಕಲಿತ ಮಾದರಿಗಳು ಅಪರೂಪದ ಸಂಗತಿಗಳನ್ನು ಮೊದಲು ಮರೆತು, ಕ್ರಮೇಣ ಹದಗೆಡುತ್ತವೆ ಎಂದು ನೇಚರ್ ಪತ್ರಿಕೆಯಲ್ಲಿ 2024ರಲ್ಲಿ ಬಂದ ಅಧ್ಯಯನ ತೋರಿಸಿತು.

ಇನ್ನು ಹತ್ತು ವರ್ಷಕ್ಕೆ ಹುಡುಕಾಟ ಹೇಗಿರುತ್ತೆ?

ಸಣ್ಣ ಪ್ರಶ್ನೆಗಳಿಗೆ ಲಿಂಕ್ ಒತ್ತುವ ಕಾಲ ಮುಗಿಯುತ್ತಾ ಬಂದಿದೆ, ಅದು ವಾಪಸ್ ಬರುವುದಿಲ್ಲ. ನಿಮ್ಮ ಬದಲು ಪ್ರೋಗ್ರಾಮೇ ಹುಡುಕಿ, ಹೋಲಿಸಿ, ಫಾರ್ಮ್ ತುಂಬುವ ಏಜೆಂಟ್‌ಗಳು ಬ್ರೌಸರಿನೊಳಗೆ ಆಗಲೇ ಬಂದಿವೆ. ಅವುಗಳಿಗೂ ಇಂಡೆಕ್ಸ್ ಬೇಕು. ಹಾಗಾಗಿ ಪೈಪೋಟಿ ಇಂಡೆಕ್ಸಿನ ಕಡೆಗೆ ತಿರುಗುತ್ತದೆ. ಯುರೋಪಿನಲ್ಲಿ ಓಪನ್ ವೆಬ್ ಸರ್ಚ್ ಎಂಬ ಯೋಜನೆ ಯಾರು ಬೇಕಾದರೂ ಬಳಸಬಹುದಾದ ಇಂಡೆಕ್ಸ್ ಕಟ್ಟಲು 2022ರಲ್ಲಿ ಶುರುವಾಯಿತು. ಒಬ್ಬರ ಕೈಯಲ್ಲಿ ಇಂಡೆಕ್ಸ್, ಹತ್ತಾರು ಜನರ ಕೈಯಲ್ಲಿ ಅದರ ಮೇಲಿನ ರ‍್ಯಾಂಕಿಂಗ್ ಎಂಬ ವ್ಯವಸ್ಥೆ ಬಂದರೆ ಸಣ್ಣ ಭಾಷೆಗಳಿಗೆ ಲಾಭ. ನಮ್ಮ ಪ್ರತ್ಯಯಗಳನ್ನು ಸರಿಯಾಗಿ ಬಿಡಿಸುವ ಸರ್ಚ್ ಕಟ್ಟಲು ಆಗ ಇಡೀ ವೆಬ್ಬನ್ನು ಕ್ರಾಲ್ ಮಾಡುವ ಖರ್ಚು ಇರುವುದಿಲ್ಲ.

ಒಳ್ಳೆಯ ಬರಹಗಳಲ್ಲಿ ಒಂದು ಪಾಲು ಬೀಗದ ಹಿಂದೆ ಹೋಗುವುದಂತೂ ಖಂಡಿತ. ಚಂದಾ, ಸದಸ್ಯತ್ವ, ಇಮೇಲ್ ಪತ್ರಿಕೆ ಹೀಗೆ. ಕೊಡುವವರಿಗೆ ಗುಣಮಟ್ಟದ್ದು, ಮಿಕ್ಕವರಿಗೆ ಸಾರಾಂಶದ ಸಾರಾಂಶ ಎಂಬ ಸ್ಥಿತಿ ನನಗೆ ಇಷ್ಟವಿಲ್ಲ, ಆದರೆ ದಾರಿ ಆ ಕಡೆಗೇ ಇದೆ.

ನನ್ನ ಬರಹ ಸರ್ಚ್‌ನಲ್ಲಿ ಬರಲಿ, ಎಐಗೆ ಮಾತ್ರ ಬೇಡ ಅಂತ ಹೇಳಬಹುದಾ?

ಅರ್ಧಂಬರ್ಧ. ರೋಬಾಟ್ಸ್ ಫೈಲ್ 1994ರ ಕಾಲದ್ದು. ಅದು ಬೋರ್ಡೇ ಹೊರತು ಬೀಗ ಅಲ್ಲ, ಮರ್ಯಾದಸ್ಥ ಕ್ರಾಲರ್‌ಗಳು ಮಾತ್ರ ಪಾಲಿಸುತ್ತವೆ. ಓಪನ್ ಎಐ ಕಂಪನಿಯ ಕ್ರಾಲರ್ ಜಿಪಿಟಿಬಾಟ್‌ಗೆ ಅದರಲ್ಲಿ ಪ್ರವೇಶ ನಿರಾಕರಿಸಬಹುದು. ಗೂಗಲ್-ಎಕ್ಸ್‌ಟೆಂಡೆಡ್ ಎಂಬ ಹೆಸರು ಹಾಕಿ ಬೇಡ ಎಂದರೆ ಗೂಗಲ್‌ನ ಎಐ ಆದ ಜೆಮಿನಿ ಮಾದರಿಗಳ ತರಬೇತಿಗೆ ನಿಮ್ಮ ಪುಟ ಬಳಸುವುದಿಲ್ಲ, ಸರ್ಚ್‌ನಲ್ಲಿ ನಿಮ್ಮ ಸ್ಥಾನಕ್ಕೂ ತೊಂದರೆ ಇಲ್ಲ.

ಸಿಕ್ಕಿಹಾಕಿಕೊಳ್ಳುವುದು ಸರ್ಚ್ ಪುಟದ ಮೇಲ್ಗಡೆ ಬರುವ ಸಾರಾಂಶದಲ್ಲಿ. ಅದಕ್ಕೆ ಪುಟ ತರುವುದು ಮಾಮೂಲಿ ಗೂಗಲ್‌ಬಾಟ್. ಅದನ್ನು ತಡೆದರೆ ಸರ್ಚ್‌ನಿಂದಲೇ ಮಾಯವಾಗುತ್ತೀರಿ. ನೋಸ್ನಿಪೆಟ್ ಎಂಬ ಟ್ಯಾಗ್ ಹಾಕಿದರೆ ಸಾರಾಂಶಕ್ಕೆ ಬಳಸುವುದಿಲ್ಲ. ಆದರೆ ಫಲಿತಾಂಶದಲ್ಲಿ ಶೀರ್ಷಿಕೆಯ ಕೆಳಗೆ ಬರುವ ಎರಡು ಸಾಲಿನ ವಿವರವೂ ಹೋಗುತ್ತದೆ, ವಿವರ ಇಲ್ಲದ ಲಿಂಕನ್ನು ಒತ್ತುವವರು ಕಡಿಮೆ. ಬೋರ್ಡಿನ ಬದಲು ನಿಜವಾದ ಬೀಗ ಬೇಕಾದವರಿಗೆ ಕ್ಲೌಡ್‌ಫ್ಲೇರ್‌ನಂಥ ಕಂಪನಿಗಳು ನಡುವೆ ನಿಂತು ತಡೆಯುತ್ತವೆ. ತನ್ನಲ್ಲಿಗೆ ಬರುವ ಹೊಸ ವೆಬ್‌ಸೈಟುಗಳಿಗೆ ಎಐ ಕ್ರಾಲರ್‌ಗಳನ್ನು ತಾನಾಗಿಯೇ ತಡೆಯುವುದಾಗಿ ಅದು 2025ರ ಜುಲೈಯಲ್ಲಿ ಘೋಷಿಸಿತು. ಒಳಗೆ ಬರಬೇಕಾದರೆ ಕ್ರಾಲರ್ ಪುಟಕ್ಕಿಷ್ಟು ದುಡ್ಡು ಕೊಡುವ ಪದ್ಧತಿಯನ್ನೂ ಜತೆಗೇ ಪರೀಕ್ಷೆಗೆ ಇಳಿಸಿತು. ಗೂಗಲ್‌ಬಾಟ್‌ಗೆ ಮಾತ್ರ ಈ ಬೀಗ ಹಾಕಲು ಯಾವ ವೆಬ್‌ಸೈಟಿನವರಿಗೂ ಧೈರ್ಯ ಸಾಲದು, ಬರುವ ಓದುಗರಲ್ಲಿ ಹೆಚ್ಚಿನವರು ಇನ್ನೂ ಅದೇ ಬಾಗಿಲಿನಿಂದ ಬರುತ್ತಾರೆ.